ಕಂಠ ಕೇಳಿ ತಂತಿ ಹಾಕಿದ ವೆಂಕಟಾಚಲ ಮೇಷ್ಟ್ರು

ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಗಳ ಮೇಲೆ ಉಕ್ಕಿನ ಕಡ್ಡಿ ಜಾರಿಸುತ್ತಾ ಕರ್ನಾಟಕ ಸಂಗೀತ ನುಡಿಸುವವರು ನಮ್ಮ ನಗರದಲ್ಲಿ ಬೆರಳೆಣಿಕೆಯಷ್ಟು. ಆ ವಿದ್ಯೆಯನ್ನು ಮೂವತ್ತನಾಲ್ಕು ವರ್ಷ ಬಿಡದೆ ಕಲಿಸಿದ ವಿದ್ವಾನ್ ವೆಂಕಟಾಚಲ ಅವರದು ಆ ಕೆಲವರಲ್ಲಿ ಗೌರವದ ಹೆಸರು. ಚಾಮರಾಜಪೇಟೆಯ ನಮ್ಮ ಸಂಗೀತಶಾಲೆಯಿಂದ ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ, ಅವರ ಪಾಂಡಿತ್ಯವನ್ನು ಅಳೆಯುವ ಯೋಗ್ಯತೆ ಶಿಷ್ಯೆಯಾದ ನನಗಿಲ್ಲದ್ದರಿಂದ, ನಮ್ಮ ಮನೆಯಲ್ಲಿ ನಡೆದದ್ದನ್ನಷ್ಟೇ ಬರೆಯುತ್ತೇನೆ.

ನಾನು ಸೇರಿದಾಗ ಎಲ್ಲರ ವಾದ್ಯಕ್ಕೂ ಒಂದೇ ದಪ್ಪದ ತಂತಿಗಳು, ಎಲ್ಲರಿಗೂ ಒಂದೇ ಶ್ರುತಿ ಎಂಬ ಕಟ್ಟುನಿಟ್ಟಿತ್ತು. ತೊಡಕಾದದ್ದು ನನ್ನ ತಾಯಿ ಕಮಲಮ್ಮನವರಿಗೆ ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ. ಹುಣ್ಣಿಮೆಯ ಬುದ್ಧವಂದನೆಯಲ್ಲಿ ತಪ್ಪದೆ ಹಾಡುತ್ತಿದ್ದ ಅವರ ದನಿ ಗಂಡಸರಷ್ಟು ತಗ್ಗಿಗೆ ಇಳಿಯಿತು. ನಾಚಿ ಹಾಡುವುದನ್ನೇ ಬಿಟ್ಟರು. ಜೊತೆಗೆ ನುಡಿಸಿದರೆ ಹಾಡಿಯಾರೆಂದು ನಾನು ಗಿಟಾರಿನ ಶ್ರುತಿ ಇಳಿಸಿದೆ. ಸಡಿಲಗೊಂಡ ತಂತಿ, ಕಡ್ಡಿ ಇಟ್ಟೊಡನೆ ಕುಗ್ಗಿ ಗರಗರ ಎಂದಿತು.

"ಬೇಡ ಬಿಡೇ, ನನ್ ಗಂಟ್ಲು ಕೆಟ್ಟಿದ್ದೇ ಸಾಕು" ಎಂದು ಅಮ್ಮ ಎದ್ದು ಹೋದರು.

ದಪ್ಪ ತಂತಿ ಹಾಕಲೇ ಎಂದು ಕೇಳಿದ್ದಕ್ಕೆ ಮೇಷ್ಟ್ರು, "ತಂತಿ ಮೇಲೆ ತಪ್ಪು ಹೊರಿಸ್ಬೇಡಮ್ಮ, ಕೈ ಹಗುರ ಮಾಡ್ಕೊ" ಎಂದು ಗದರಿದರು. ಎಂದೂ ಎದುರಾಡದ ನಾನು, "ಒಂದ್ಸಲ ಮನೆಗೆ ಬಂದು ಕೇಳಿ ಸರ್" ಎಂದುಬಿಟ್ಟೆ.

ಆ ಶನಿವಾರವೇ ಶಂಕರಪುರಂನ ನಮ್ಮ ಮನೆಗೆ ಬಂದರು. "ಎರಡೇ ಸಾಲು ಹಾಡಿ ಅಮ್ಮಾ, ನಾನು ಕಣ್ಣು ಮುಚ್ಕೊಂಡಿರ್ತೀನಿ" ಎಂದು ಕೈಮುಗಿದರು. ಅಮ್ಮ ತಡವರಿಸುತ್ತಲೇ ಹಾಡಿದರು. ಆಮೇಲೆ ಮೇಷ್ಟ್ರು ನನ್ನ ಗಿಟಾರನ್ನು ತಾವೇ ತೊಡೆಗೇರಿಸಿಕೊಂಡರು. ಅವರ ಕೈಯಲ್ಲೂ ಅದು ಗರಗರ ಎಂದಿತು.

"ತಪ್ಪು ನಂದೇ. ಇವರ ಶ್ರುತಿಗೆ ಈ ತಂತಿ ಸಾಲಲ್ಲ."

ಅವೆನ್ಯೂ ರಸ್ತೆಯ ಸುತ್ತಮುತ್ತಲ ಅಂಗಡಿಗಳಲ್ಲಿ ಬಿಡಿಬಿಡಿಯಾಗಿ ತಂತಿ ಆರಿಸಿ ತಂದು, ಎರಡು ಭಾನುವಾರ ನಮ್ಮ ನಡುಮನೆಯಲ್ಲೇ ಕೂತು ಒಂದೊಂದನ್ನೂ ಹಾಕಿ ಬಿಚ್ಚಿದರು. ಎಲ್ಲಕ್ಕಿಂತ ದಪ್ಪನೆಯದು ಗರಗರ ಎನ್ನಲಿಲ್ಲ, ಆದರೆ ನಾದ ಮಂಕಾಯಿತು. ಅದಕ್ಕಿಂತ ಒಂದು ಮಟ್ಟ ತೆಳುವಾದದ್ದು ಒಪ್ಪಿತು. ಆ ದಪ್ಪಕ್ಕೆ ಹೊಂದುವಂತೆ ಗಿಟಾರಿನಲ್ಲಿ ತಂತಿ ಕೂರುವ ಗೀರನ್ನು ಅರದಿಂದ ಉಜ್ಜಿ ಅಗಲಿಸಿದರು. ಮೂರನೆಯ ಭಾನುವಾರ ಅಮ್ಮ ವಂದನೆಯನ್ನು ಪೂರ್ತಿ ಹಾಡಿ, "ಇನ್ನೊಂದ್ಸಲ ನುಡ್ಸೇ" ಎಂದರು. ನನಗೆ ಕಣ್ಣು ಮಂಜಾಗಿ ತಂತಿಯೇ ಕಾಣಿಸಲಿಲ್ಲ.

ಮಾರನೆಯ ದಿನ ತರಗತಿಯಲ್ಲಿ ಎಲ್ಲರೆದುರು ಮೇಷ್ಟ್ರು, "ಇಷ್ಟು ವರ್ಷ ಒಂದೇ ಅಳತೇಲಿ ಎಲ್ರನ್ನೂ ಕೂರಿಸ್ದೆ, ಕ್ಷಮಿಸಿ" ಎಂದರು. ಅಂದಿನಿಂದ ಪ್ರತಿ ವಿದ್ಯಾರ್ಥಿಯ ಶ್ರುತಿ, ಕೈಭಾರ ನೋಡಿಯೇ ತಂತಿ ಗೊತ್ತುಮಾಡುವ ಪದ್ಧತಿ ನಮ್ಮ ಶಾಲೆಯಲ್ಲಿ ಬಂದಿತು. ಈ ವರ್ಷದ ವೈಶಾಖ ಹುಣ್ಣಿಮೆಯಂದು ಅಮ್ಮ ಮತ್ತೆ ಬುದ್ಧವಂದನೆಯ ಸಭೆಯಲ್ಲಿ ಹಾಡಿದರು. ಮೇಷ್ಟ್ರು ಚಾಪೆಯ ಮೇಲೆ ಕೂತು ಕೇಳಿದರು.

ಯಾವ ಶ್ರುತಿಗೆ ಯಾವ ತಂತಿ ಎಂಬುದನ್ನು ಅವರೀಗ ಪುಸ್ತಕವಾಗಿ ಬರೆಯುತ್ತಿದ್ದಾರೆ. ಹಸ್ತಪ್ರತಿಯ ಪ್ರತಿ ಪುಟದಲ್ಲೂ ಅರ್ಧ ಖಾಲಿ ಬಿಟ್ಟಿದ್ದಾರೆ. ಏಕೆಂದು ಕೇಳಿದೆ.

"ಮುಂದೆ ಬರೋರು ತಿದ್ದಕ್ಕಮ್ಮ."

ಆ ತಿದ್ದುಪಡಿಗಳನ್ನೆಲ್ಲ ಅವರೇ ಕೂತು ಓದಿ, ಒಪ್ಪದ ಕಡೆ ನಮ್ಮೊಡನೆ ಜಗಳವಾಡುವಷ್ಟು ಆಯುಷ್ಯವೂ ಆರೋಗ್ಯವೂ ನಮ್ಮ ಮೇಷ್ಟ್ರಿಗೆ ಇರಲಿ.