ಎಲ್ಲ ನೋವಿಗೂ ಒಂದೇ ಹೆಸರು

ಬಲಗಾಲಿನ ನೋವಿನ ವಿಷಯ ನಾನು ಮೊದಲು ಹೇಳಿದ್ದು ಅಣ್ಣನಿಗೆ. ದಾವಣಗೆರೆಯ ನಮ್ಮ ಬಟ್ಟೆ ಅಂಗಡಿಯಲ್ಲಿ ಇಬ್ಬರೂ ಗಾದಿಯ ಮೇಲೆ ಪಕ್ಕಪಕ್ಕದಲ್ಲೇ ಕೂತಿದ್ದೆವು. ಸೊಂಟದ ಕೆಳಗಿನಿಂದ ತೊಡೆಯ ಹಿಂದೆ ಇಳಿದು, ಮೀನಖಂಡ ದಾಟಿ ಕಿರುಬೆರಳಿನವರೆಗೂ ಕಾದ ತಂತಿ ಎಳೆದ ಹಾಗಾಗುತ್ತದೆ ಎಂದೆ. ಅವನು ಶರ್ಟಿನ ಬಟ್ಟೆಯ ಥಾನು ಸುತ್ತುತ್ತಲೇ, "ನಿಂದು ಅದೇ ಕಾಯಿಲೆ ಬಿಡು. ಇನ್ನೂ ಏನೇನು ಬರ್ತಾವೋ," ಅಂದ.

ಅದೇ ಕಾಯಿಲೆ ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್. ಮಿದುಳು, ಬೆನ್ನುಹುರಿಯ ನರಗಳ ಹೊದಿಕೆಯನ್ನು ದೇಹವೇ ಹಾಳು ಮಾಡಿಕೊಳ್ಳುವ ರೋಗ. ಕೆಲವು ವರ್ಷಗಳ ಹಿಂದೆ ಒಂದು ಕಣ್ಣು ಮಂಜಾಗಿ, ಆಮೇಲೆ ಎಡಗಾಲು ಎಳೆಯತೊಡಗಿದಾಗ ಗೊತ್ತಾಗಿತ್ತು. ಅಂದಿನಿಂದ ಅಣ್ಣನಿಗೆ ನಾನು ತಮ್ಮನಾಗಿ ಉಳಿಯಲಿಲ್ಲ, ರೋಗಿಯಾದೆ. ಮದುವೆ ಜವಳಿಗೆ ಬಂದವರ ಎದುರೇ ನನ್ನ ಕೈಯಿಂದ ಕತ್ತರಿ ಕಸಿದುಕೊಂಡು, "ಅವನ ಕೈಗೆ ಕೊಡಬ್ಯಾಡ್ರಿ, ನರದ ಕಾಯಿಲೆ ಐತೆ, ಬಟ್ಟೆ ಡೊಂಕಾಗ್ತದೆ," ಅಂದಿದ್ದ. ನನ್ನ ಕೈಗಳಿಗೆ ಏನೂ ಆಗಿರಲಿಲ್ಲ.

ಹಳೆಯ ರೋಗ ಕೊಡುತ್ತಿದ್ದುದು ಜೋಮು, ಭಾರ, ಸುಸ್ತು. ಈ ನೋವು ಹಾಗಿರಲಿಲ್ಲ. ಒಂದೇ ಕಾಲಲ್ಲಿ, ಕೂತರೆ ಹೆಚ್ಚು, ನಿಂತರೆ ಕಡಿಮೆ. ಕೆಮ್ಮಿದರೆ ಕಣ್ಣಲ್ಲಿ ನೀರು. ಚಕ್ಕಳಮಕ್ಕಳ ಹಾಕಲಾಗದೆ ಅಂಗಡಿಗೊಂದು ಕುರ್ಚಿ ತರುತ್ತೇನೆಂದೆ.

"ಅಪ್ಪ ಇದೇ ಗಾದಿ ಮ್ಯಾಲೆ ಕೂತು ವ್ಯಾಪಾರ ಮಾಡ್ಯಾರೆ. ಗಿರಾಕಿ ಮುಂದ ಕುರ್ಚಿ ಹಾಕ್ಕೊಂಡು ಕೂತರೆ ಅಂಗಡಿ ಮರ್ಯಾದಿ ಏನಾಗ್ತದೆ?"

"ಅಂಗಡಿ ಮರ್ಯಾದಿ ನನ್ನ ಸೊಂಟದ ಮ್ಯಾಲೆ ನಿಂತೈತೇನು?"

"ಹಂಗಾದ್ರೆ ಮನ್ಯಾಗಿರು."

ನನ್ನನ್ನು ನೋಡುವ ನರರೋಗ ತಜ್ಞರ ಬಳಿ ಹೋದಾಗ ಬೇಡವೆಂದರೂ ಅವನು ಜೊತೆಗೆ ಬಂದ. ನಾನು ಬಾಯಿ ತೆರೆಯುವ ಮೊದಲೇ, "ಅದೇ ಕಾಯಿಲೆ ಜಾಸ್ತಿ ಆಗೈತ್ರಿ," ಎಂದ. ಡಾಕ್ಟರು ಕಾಲು ಮುಟ್ಟಿ ನೋಡಲಿಲ್ಲ. ರೋಗ ಮತ್ತೆ ಕೆರಳಿರಬೇಕೆಂದು ಸ್ಟೀರಾಯ್ಡ್ ಡ್ರಿಪ್ ಹಾಕಿಸಿದರು. ಮುಖ ಊದಿಕೊಂಡಿತು, ನಿದ್ದೆ ಹಾರಿತು. ನೋವು ಮಾತ್ರ ಇದ್ದಲ್ಲೇ ಇತ್ತು.

ನನ್ನ ಹೆಂಡತಿಯ ತವರು ಹರಿಹರ. "ನಮ್ಮೂರಾಗ ಒಬ್ಬರು ಮೂಳೆ ಡಾಕ್ಟ್ರು ಅದಾರೆ. ಒಂದ್ಸಲ ತೋರಸನ ಬರ್ರಿ. ಭಾವನಿಗೆ ಹೇಳಾದು ಬ್ಯಾಡ," ಅಂದಳು. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ನಾನು ಕಂಬಿ ಹಿಡಿದು ನಿಂತೇ ಹೋದೆ. ಕಂಡಕ್ಟರು "ಕೂಡ್ರಿ ಯಜಮಾನ್ರೇ" ಅಂದಿದ್ದಕ್ಕೆ ಅವನ ಮೇಲೂ ಹರಿಹಾಯ್ದೆ.

ಹರಿಹರದ ಡಾಕ್ಟರಿಗೆ ನಾನು ಮೊದಲು ಹೇಳಿದ್ದೇ, "ಹಳೇ ಕಾಯಿಲೆ ಐತೆ ಅಂತ ಇದನ್ನೂ ಅದಕ್ಕೇ ಸೇರಿಸಬ್ಯಾಡ್ರಿ."

"ಸಿಟ್ಟು ಆಮೇಲೆ ಮಾಡ್ರಿ. ಮೊದಲು ಮಲಗ್ರಿ," ಅಂದರು. ಮೊಣಕಾಲು ಮಡಚದಂತೆ ಬಲಗಾಲನ್ನು ನಿಧಾನಕ್ಕೆ ಮೇಲೆತ್ತಿದರು. ಅರ್ಧಕ್ಕೆ ಬರುವ ಮೊದಲೇ ಚೀರಿದೆ. ಎಡಗಾಲು ಎತ್ತಿದಾಗ ಏನೂ ಆಗಲಿಲ್ಲ. ತಲೆ, ಕುತ್ತಿಗೆಯ ಸ್ಕ್ಯಾನ್ ಎಷ್ಟೋ ಸಲ ಆಗಿತ್ತು. ಸೊಂಟದ್ದು ಮಾಡಿಸಬೇಕೆಂದು ಈವರೆಗೆ ಯಾರಿಗೂ ಅನ್ನಿಸಿರಲಿಲ್ಲ. ಮಾಡಿಸಿದಾಗ ಕಂಡಿತು: ಡಿಸ್ಕ್ ಜಾರಿ, ಕಾಲಿಗಿಳಿಯುವ ಸಯಾಟಿಕ್ ನರದ ಬೇರನ್ನು ಒತ್ತುತ್ತಿತ್ತು.

"ಎಡಗಾಲು ಎಳೆದು ನಡೀತೀರಲ್ಲ, ಭಾರ ಎಲ್ಲ ಈ ಕಡೆ ಬಿದ್ದು ಸೊಂಟ ಸೋತಿರಬಹುದು," ಅಂದರು ಡಾಕ್ಟರು. "ಒಂದು ಕಾಯಿಲೆ ಇದ್ದೋರಿಗೆ ಇನ್ನೊಂದು ಬರಬಾರದು ಅಂತ ಏನಿಲ್ಲ."

ಅಲ್ಲೇ ಅತ್ತುಬಿಟ್ಟೆ. ಸಮಾಧಾನದ ಅಳು ಅಂದುಕೊಂಡು ಹೆಂಡತಿ ಭುಜ ಸವರಿದಳು. ಅದು ಸಿಟ್ಟಿನ ಅಳು. ಇಷ್ಟು ತಿಂಗಳು ನನ್ನ ಕಾಲನ್ನು ನನಗಿಂತ ಚೆನ್ನಾಗಿ ಬಲ್ಲವರಂತೆ ಎಲ್ಲರೂ ಮಾತಾಡಿದ್ದರು.

ಮಾತ್ರೆ, ವ್ಯಾಯಾಮ ಶುರುವಾಯಿತು. ಬಿಸಿ ತಾಗಿದರೆ ಹಳೆಯ ರೋಗ ಕಾಡುತ್ತದೆಂದು ಸೊಂಟಕ್ಕೆ ಶಾಖ ಕೊಡಿಸಲಿಲ್ಲ. ನಡೆಯುವಾಗ ಊರಲು ಕೋಲು ಬಂತು. ನೋವು ಮೆಲ್ಲಗೆ ಮೊಣಕಾಲಿನ ಮೇಲಕ್ಕೆ ಸರಿದು, ಸೊಂಟದ ಹತ್ತಿರ ಬಂದು ಸಣ್ಣದಾಯಿತು. ಎಡಗಾಲು ಮಾತ್ರ ಹಾಗೆಯೇ ಉಳಿಯಿತು. ಅದು ಅದೇ ಕಾಯಿಲೆಯದ್ದು.

ಒಂದು ಬೆಳಿಗ್ಗೆ ಆಟೋದಲ್ಲಿ ಕುರ್ಚಿ ಹಾಕಿಕೊಂಡು ಅಂಗಡಿಗೆ ಹೋಗಿ, ಸೊಂಟದ ಸ್ಕ್ಯಾನ್ ರಿಪೋರ್ಟ್ ತೆಗೆದು ಅಣ್ಣನ ಮುಂದಿಟ್ಟೆ. ಅವನು ಅದನ್ನು ಮುಟ್ಟಲಿಲ್ಲ.

"ಎರಡೂ ನರದ್ದೇ ಅಲ್ಲೇನು? ಏನು ವ್ಯತ್ಯಾಸ ಐತೆ?"

"ಒಂದು ನನ್ನ ಹಣೆಬರ. ಇನ್ನೊಂದು ನೀನು ಗಾದಿ ಮ್ಯಾಲೆ ಕೂರಿಸಿ ಕೂರಿಸಿ ಬೆಳೆಸಿದ್ದು."

"ಎಷ್ಟು ಮಾತು ಕಲ್ತಿದೀಯ."

"ಕಾಲು ಹೋದ ಮ್ಯಾಲೆ ಬಾಯಾದ್ರೂ ಇರಲಿ."

ಕುರ್ಚಿ ಗಾದಿಯ ಪಕ್ಕದಲ್ಲಿ ಹಾಕಿ ಕೂತೆ. ಅವನು ಗಾದಿಯ ಆಚೆ ತುದಿಗೆ ಸರಿದು ಥಾನು ಬಿಚ್ಚತೊಡಗಿದ. ಅಂದಿನಿಂದ ನಮ್ಮಿಬ್ಬರ ನಡುವೆ ಥಾನು, ಮೀಟರು, ಬಣ್ಣ ಬಿಟ್ಟರೆ ಬೇರೆ ಮಾತಿಲ್ಲ.

ಈ ಯುಗಾದಿಗೆ ಅವನ ಮನೆಯಿಂದ ಸರಸ್ವತಿ ನಗರದ ನಮ್ಮ ಮನೆಗೆ ಹೋಳಿಗೆ ಬಂತು. "ಹಬ್ಬದ ದಿನ ಸಿಟ್ಟು ಬ್ಯಾಡ್ರಿ, ಒಂದಾದ್ರೂ ತಿನ್ರಿ," ಅಂದಳು ಹೆಂಡತಿ. ನಾನು ತಟ್ಟೆಯನ್ನು ಅವಳ ಕಡೆ ಸರಿಸಿದೆ.