ಅಟ್ಟದಿಂದ ಕೇಳಿದ ‘ಎದ್ಯೇನೇ?’

ತಿಪಟೂರಿನ ಹಾಲ್ಕುರಿಕೆ ರಸ್ತೆಯಲ್ಲಿ ದ್ರಾಕ್ಷಾಯಣಮ್ಮನ ಮನೆ ಯಾವುದು ಎಂದು ಕೇಳಿದರೆ ಜನ ಒಂದು ಗಳಿಗೆ ಯೋಚಿಸುತ್ತಿದ್ದರು. ಕಿವಿ ದ್ರಾಕ್ಷಾಯಣಮ್ಮ ಎಂದರೆ ಮಕ್ಕಳೂ ಕೈ ಮಾಡಿ ತೋರಿಸುತ್ತಿದ್ದವು. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಒಂದು ಸಲ ಅಲ್ಲಾಡಿಸಿದರೆ ಸಾಕು, ಒಳಗೆ ನೀರೆಷ್ಟು ಉಳಿದಿದೆ, ಕೊಬ್ಬರಿಯಾಗಲು ಇನ್ನೆಷ್ಟು ತಿಂಗಳು ಬೇಕು, ಒಳಗೊಳಗೇ ಕೊಳೆತಿದೆಯೋ ಹೇಗೆ ಎಂಬುದನ್ನೆಲ್ಲ ಆಕೆ ಹೇಳಿಬಿಡುತ್ತಿದ್ದಳು. ನಮ್ಮ ಕಡೆ ಕಾಯಿಯನ್ನು ಅಡುಗೆಮನೆಯ ಮೇಲಿನ ಅಟ್ಟಕ್ಕೆ ಹಾಕಿ ಮರೆತುಬಿಡಬೇಕು. ವರ್ಷವೆಲ್ಲ ಅದು ಒಲೆಯ ಹೊಗೆ ಕುಡಿಯುತ್ತಾ ಬಿದ್ದಿದ್ದು, ನೀರು ಇಂಗಿ, ಒಳಗಿನ ಗಿಟಕು, ಅಂದರೆ ಒಣಗಿದ ಇಡೀ ಕೊಬ್ಬರಿ, ಚಿಪ್ಪನ್ನು ಬಿಟ್ಟು ಲೊಟಲೊಟ ಎನ್ನುವ ತನಕ ಯಾರ ಅವಸರವೂ ನಡೆಯುವುದಿಲ್ಲ. ಗಂಡ ಶಂಭುಲಿಂಗಯ್ಯ ಪೇಟೆಯಲ್ಲಿ ಕೊಬ್ಬರಿ ಮಂಡಿ ಇಟ್ಟವನು. ಅವನೂ ಹೆಂಡತಿಯ ಕಿವಿಯನ್ನು ಕೇಳದೆ ಅಟ್ಟದ ಕಾಯಿ ಇಳಿಸುತ್ತಿರಲಿಲ್ಲ.

ಇಂಥ ಕಿವಿಗೆ ಆ ಮನೆಯಲ್ಲಿ ಏಳು ವರ್ಷದಿಂದ ಒಂದು ಹೆಸರು ಮಾತ್ರ ಬಿದ್ದಿರಲಿಲ್ಲ.

ಅದು ಶಾಂತಕುಮಾರಿಯ, ಮನೆಯವರ ಬಾಯಲ್ಲಿ ಶಾಂತಿಯ, ಹೆಸರು. ಒಬ್ಬಳೇ ಮಗಳು, ಹದಿನಾರು ವರ್ಷ. ಎಪ್ಪತ್ತೆರಡನೇ ಇಸವಿಯ ಮಾಘದಲ್ಲಿ ಜ್ವರ ಬಂತು. ಮೂರನೇ ದಿನ ಸಂಜೆ ಇಳಿಯಿತು ಅಂತ ಎಲ್ಲರೂ ನೆಮ್ಮದಿಯಾಗಿ ಮಲಗಿದರು. ಬೆಳಗಾದರೆ ಹುಡುಗಿ ಏಳಲಿಲ್ಲ. ತೋಟದ ಮೂಲೆಯಲ್ಲಿ ಮಣ್ಣು ಮಾಡಿ ಬಂದ ದಿನ, ಶೆಟ್ಟಿಕೆರೆಯಿಂದ ಬಂದಿದ್ದ ಗಂಡನ ಸೋದರತ್ತೆ ಸಿದ್ದಗಂಗಮ್ಮ ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದಳು: “ಶಿವನ ಪಾದ ಸೇರೋಕೆ ಹೊಂಟಿರೋ ಮಗ ಕಣವ್ವಾ. ಹೆಸ್ರಿಡಿದು ಕರೀಬ್ಯಾಡಿ. ಕರುದ್ರೆ ತಿರುಗಿ ನೋಡ್ತಾಳೆ. ತಿರುಗಿ ನೋಡುದ್ರೆ ಅಲ್ಗೂ ಹೋಗಾಕಿಲ್ಲ, ಇಲ್ಗೂ ಬರಾಕಿಲ್ಲ.”

ಶಂಭುಲಿಂಗಯ್ಯ ಆ ಮಾತನ್ನು ತಲೆಯ ಮೇಲೆ ಹೊತ್ತುಕೊಂಡ. ಮಗಳ ಫೋಟೋ ಪೆಟ್ಟಿಗೆ ಸೇರಿತು. ಬಟ್ಟೆಗಳು ಯಾರ‍್ಯಾರ ಮನೆಗೋ ಹೋದವು. ಕೋಣೆಗೆ ಬೀಗ ಬಿತ್ತು. ಅವನ ಕಣ್ಣಲ್ಲಿ ಒಂದು ಹನಿ ನೀರು ಕಂಡವರಿಲ್ಲ. ಮಧ್ಯಾಹ್ನ ಉಂಡು ಒಂದು ಗಳಿಗೆ ಮಲಗುತ್ತಿದ್ದ, ಎದ್ದು ಮಂಡಿಗೆ ಹೋಗುತ್ತಿದ್ದ, ಅಷ್ಟೆ. ದ್ರಾಕ್ಷಾಯಣಮ್ಮ ಒಂದು ನೀಲಿ ಲಂಗ ಮತ್ತು ದಾವಣಿಯನ್ನು ಅಕ್ಕಿ ಡಬ್ಬದ ತಳದಲ್ಲಿ ಬಚ್ಚಿಟ್ಟು, ಗಂಡನನ್ನು ಮನಸ್ಸಿನಲ್ಲೇ ಬೈದುಕೊಂಡಳು. ಇವನೇನು ಮನುಷ್ಯನೋ, ನೀರಿಂಗಿದ ಕಾಯಿಯೋ ಎಂದು. ಆ ಸಿಟ್ಟು ಏಳು ವರ್ಷವಾದರೂ ಆರಲಿಲ್ಲ. ಇನ್ನೊಂದು ಸಂಗತಿ ಆಕೆಗೆ ಮಾತ್ರ ಗೊತ್ತಿತ್ತು. ಬಾಯಲ್ಲಿ ಕರೆಯದಿದ್ದರೂ ಆಕೆ ದಿನಾ ಒಳಗೊಳಗೇ ಮಗಳನ್ನು ಕರೆಯುತ್ತಿದ್ದಳು, ಒಲೆಯ ಮುಂದೆ ಕೂತಾಗಲೆಲ್ಲ.

ಎಪ್ಪತ್ತೊಂಬತ್ತರ ಶ್ರಾವಣದಲ್ಲಿ ಶಂಭುಲಿಂಗಯ್ಯ ಊಟಕ್ಕೆ ಕೂತವನು ಒಂದು ಸುದ್ದಿ ಹೇಳಿದ. ಪೇಟೆಯ ಕ್ಲಬ್ಬಿನವರು ಹೊರದೇಶದ ವಿದ್ಯಾರ್ಥಿಗಳನ್ನು ಕರೆಸಿ ಒಂದು ವರ್ಷ ಇಲ್ಲಿನ ಮನೆಗಳಲ್ಲಿ ಇರಿಸುತ್ತಾರಂತೆ. ಒಂದೊಂದು ಮನೆಯಲ್ಲಿ ನಾಲ್ಕು ನಾಲ್ಕು ತಿಂಗಳು. ಡೆನ್ಮಾರ್ಕಿನ ಹುಡುಗಿಯೊಬ್ಬಳು ಮೊದಲು ನಮ್ಮ ಮನೆಗೆ ಬರುತ್ತಾಳೆ, ಹದಿನೇಳು ವರ್ಷದವಳು, ಒಪ್ಪಿಕೊಂಡುಬಿಟ್ಟೆ ಎಂದ.

“ಎಲ್ಲಿ ಮಲಗುಸ್ತೀರಿ ಅವಳ್ನ?” ಎಂದಳು ದ್ರಾಕ್ಷಾಯಣಮ್ಮ.

ಅವನು ಕೈ ತೊಳೆದುಕೊಂಡು, ಬೀಗದ ಕೈ ತಂದು, ತಾನೇ ಆ ಕೋಣೆಯ ಬಾಗಿಲು ತೆಗೆದ. ದ್ರಾಕ್ಷಾಯಣಮ್ಮನಿಗೆ ಎದೆಗೆ ಒದ್ದ ಹಾಗಾಯಿತು. ಎರಡು ದಿನ ಗಂಡನ ಜೊತೆ ಮಾತು ಬಿಟ್ಟಳು. ಅದನ್ನು ಅವನು ಗಮನಿಸಿದನೋ ಇಲ್ಲವೋ ಹೇಳುವುದು ಕಷ್ಟ, ಆ ಮನೆಯಲ್ಲಿ ಮಾತೇ ಅಷ್ಟು ಕಡಿಮೆ.

ಹುಡುಗಿ ಬಂದಳು. ಬಾಗಿಲ ಮೇಲ್ಗಟ್ಟು ತಲೆಗೆ ಬಡಿಯುವಷ್ಟು ಉದ್ದ, ಕೆಂಪು ಮೂಗು. ಹೆಸರು ಬಿರ್ಗಿಟ್. ಮನೆಗೆಲಸದ ಭೂತಮ್ಮ ಆ ಹೆಸರನ್ನು ಮೂರು ಸಲ ಬಾಯಲ್ಲಿ ಹೊರಳಿಸಿ ನೋಡಿ, “ಅದೆಂಥ ಗಿಟ್ಟೋ! ಗಿಟಕಮ್ಮ ಅನ್ನಾನ ಬುಡಿ” ಎಂದು ತೀರ್ಮಾನ ಕೊಟ್ಟಳು. ಕೊಬ್ಬರಿ ಗಿಟಕಿನ ಊರಲ್ಲಿ ಇದಕ್ಕಿಂತ ಒಳ್ಳೆಯ ಹೆಸರು ಸಿಗುವುದೂ ಇಲ್ಲ. ಗಿಟಕಮ್ಮ ಮುದ್ದೆಯನ್ನು ಅಗಿದು ಅಗಿದು ತಿಂದು ದವಡೆ ನೋಯಿಸಿಕೊಂಡಳು. ಬೆಳಗಿನ ಹೊತ್ತು ಕಾಲೇಜಿಗೆ ಹೋಗಿ ಮಧ್ಯಾಹ್ನಕ್ಕೆ ಬರುತ್ತಿದ್ದಳು. ದ್ರಾಕ್ಷಾಯಣಮ್ಮ ಊಟ ಬಡಿಸುತ್ತಿದ್ದಳು, ತಟ್ಟೆ ತೆಗೆಯುತ್ತಿದ್ದಳು, ಆದರೆ ಒಂದು ತಿಂಗಳು ಅವಳ ಮುಖ ನೋಡಲಿಲ್ಲ. ಆ ಕೋಣೆಯಿಂದ ಹೊರಗೆ ಬರುವ ಹೆಜ್ಜೆ ಸದ್ದು ಕೇಳಿದರೆ ಒಲೆಯ ಕಡೆ ತಿರುಗಿಬಿಡುತ್ತಿದ್ದಳು.

ಮಹಾಲಯದ ಹತ್ತಿರ ಒಂದು ಮಧ್ಯಾಹ್ನ. ಶಂಭುಲಿಂಗಯ್ಯ ಮಂಡಿಗೆ ಹೊರಟುಹೋಗಿದ್ದ. ತೋಟದಿಂದ ಆಗಷ್ಟೆ ಬಂದ ದ್ರಾಕ್ಷಾಯಣಮ್ಮ ಒಲೆಗೆ ಸೌದೆ ತುರುಕುತ್ತಿದ್ದಳು. ಮೇಲೆ ಅಟ್ಟದಲ್ಲಿ ಏನೋ ಸರಿದಾಡಿತು. ಇಲಿ ಇರಬೇಕು ಅಂದುಕೊಂಡಳು. ಆಮೇಲೆ ಕಾಯಿಯ ಮೇಲೆ ಬೆರಳ ಗೆಣ್ಣಿನಿಂದ ಎರಡು ಸಲ ಬಡಿದ ಸದ್ದು. ಟಕ್, ಟಕ್. ಅದರ ಹಿಂದೆಯೇ ತೆಳುವಾಗಿ, ಕೊನೆಯಲ್ಲಿ ಎಳೆದು, ಒಂದು ಹುಡುಗಿಯ ದನಿ:

“ಎದ್ಯೇನೇ...?”

ದ್ರಾಕ್ಷಾಯಣಮ್ಮ ಸೌದೆಯನ್ನು ಒಲೆಯ ಮುಂದೆಯೇ ಬಿಟ್ಟು ಎದ್ದಳು.

ಅದು ಶಾಂತಿಯ ಆಟ. ಐದಾರು ವರ್ಷದವಳಿದ್ದಾಗಿನಿಂದ ಅಟ್ಟ ಹತ್ತಿ, ಒಂದೊಂದೇ ಕಾಯಿಗೆ ಎರಡು ಸಲ ಬಡಿದು “ಎದ್ಯೇನೇ?” ಎಂದು ಕೇಳುತ್ತಿದ್ದಳು. ಅಲ್ಲಾಡಿಸಿದಾಗ ಲೊಟಲೊಟ ಎಂದರೆ ಎದ್ದಿದೆ, ನೀರು ಗುಳುಗುಳು ಎಂದರೆ ಇನ್ನೂ ಮಲಗಿದೆ. ದೊಡ್ಡವಳಾದ ಮೇಲೂ ಬಿಡಲಿಲ್ಲ. ಆ ಎರಡು ಬಡಿತ, ಆ ಎಳೆತ, ಎಲ್ಲ ಅದೇ. ಊರಲ್ಲಿ ಇನ್ನಾರೂ ಹಾಗೆ ಕೇಳಿದ್ದಿಲ್ಲ. ಡೆನ್ಮಾರ್ಕಿನಲ್ಲಂತೂ ಕೇಳಿರಲಾರರು.

ಆಕೆ ಏಣಿಯ ಬುಡಕ್ಕೆ ಬಂದು ನಿಂತಳು.  ಒಳಗೊಳಗೇ ಇಷ್ಟು ವರ್ಷ ಕರೆದೆನಲ್ಲ, ಮಗು ತಿರುಗಿ ನೋಡಿಬಿಟ್ಟಳು ಎನ್ನುವ ಭಯ ಒಂದು ಕಡೆ. ನೋಡಿದರೆ ನೋಡಲಿ, ಬಂದಳಲ್ಲ ಎನ್ನುವ ಆಸೆ ಇನ್ನೊಂದು ಕಡೆ. ಆಸೆಯೇ ಗೆದ್ದಿತು. ಏಳು ವರ್ಷದ ಮೇಲೆ ಮೊದಲ ಸಲ ಆ ಹೆಸರು ಬಾಯಿಂದ ಹೊರಗೆ ಬಂತು.

“ಶಾಂತೀ...”

 “ಓ...” ಎಂದಿತು ಮೇಲಿನ ದನಿ.

ಅಟ್ಟದಿಂದ ಇಳಿದು ಬಂದವಳು ಗಿಟಕಮ್ಮನೇ. ಮೂಗಿಗೆ ಹೊಗೆಯ ಮಸಿ ಮೆತ್ತಿತ್ತು. ಆದರೆ ದ್ರಾಕ್ಷಾಯಣಮ್ಮ ಆವತ್ತು ಅವಳ ಮುಖವನ್ನು ನೇರವಾಗಿ ನೋಡಿದಳು, ಬಹಳ ಹೊತ್ತು ನೋಡಿದಳು.

ಅಲ್ಲಿಂದ ಆ ಮನೆಯ ಗಾಳಿಯೇ ಬೇರೆಯಾಯಿತು. ಗಂಡ ಮನೆಯಲ್ಲಿಲ್ಲದಾಗ ಆಕೆ “ಶಾಂತಿ” ಎನ್ನುವಳು, ಹುಡುಗಿ “ಓ” ಎನ್ನುವಳು. ಕೊಬ್ಬರಿ ಎಣ್ಣೆ ಹಚ್ಚಿ, ಆ ಹುಲ್ಲಿನ ಬಣ್ಣದ ಕೂದಲನ್ನು ಎರಡು ಜಡೆ ಹಾಕಿದಳು. ಅಕ್ಕಿ ಡಬ್ಬದಿಂದ ನೀಲಿ ಲಂಗ ಹೊರಗೆ ಬಂತು. ಅದು ಹುಡುಗಿಯ ಮೊಣಕಾಲು ದಾಟಲಿಲ್ಲ. ಆಕೆ ಕೂತು ಅಂಚಿಗೆ ಬಟ್ಟೆ ಸೇರಿಸಿ ಹೊಲಿದು ಉದ್ದ ಮಾಡಿದಳು, ಮಗಳು ಏಳು ವರ್ಷದಲ್ಲಿ ಬೆಳೆದಿರಬೇಡವೇ. ಆಕೆ ಹಾಡಿಕೊಂಡು ಅಡುಗೆ ಮಾಡಿದ್ದನ್ನು ಕೇಳಿ ಅಕ್ಕಪಕ್ಕದವರಿಗೆ ಸಂತೋಷವಾಯಿತು. ಭೂತಮ್ಮನಿಗೆ ಮಾತ್ರ ಹೆದರಿಕೆಯಾಯಿತು. ಅವಳು ಒಂದು ದಿನ ಲಂಗವನ್ನು ಗುರುತು ಹಿಡಿದು, ಪಾತ್ರೆ ತಿಕ್ಕುವುದನ್ನು ಬಿಟ್ಟು ಎದ್ದು ಬಂದಳು.

“ಬ್ಯಾಡ ಕಣ್ರವ್ವಾ. ಕರ‍್ಯೋದು ನಮ್ ಕೈಯಾಗೈತೆ, ಕಳ್ಸೋದು ನಮ್ ಕೈಯಾಗಿಲ್ಲ.”

“ಕಳ್ಸೋರು ಯಾರೇ?” ಎಂದಳು ದ್ರಾಕ್ಷಾಯಣಮ್ಮ.

ಆದರೆ ಕಳಿಸುವ ದಿನ ಬಂದೇ ಬಂತು. ಕಾರ್ತಿಕ ಕಳೆಯುತ್ತಿದ್ದ ಹಾಗೆ ಕ್ಲಬ್ಬಿನ ಕಾರು ಬಾಗಿಲಿಗೆ ಬಂದು ನಿಂತಿತು. ಇನ್ನು ನಾಲ್ಕು ತಿಂಗಳು ತುರುವೇಕೆರೆಯ ವಕೀಲರ ಮನೆ. ದ್ರಾಕ್ಷಾಯಣಮ್ಮ ಹುಡುಗಿಯ ಪೆಟ್ಟಿಗೆಯನ್ನು ಕೋಣೆಯೊಳಗಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಸ್ತಿಲಲ್ಲಿ ಕೂತುಬಿಟ್ಟಳು.

“ಕಳ್ಸಾಕಿಲ್ಲ. ಒಂದ್ ಸಲ ಕಳ್ಸಿದ್ದೀನಿ. ಇನ್ನೊಂದ್ ಸಲ ಆಗಾಕಿಲ್ಲ ಕಣ್ರೀ.”

ಕ್ಲಬ್ಬಿನವರು ಮುಖ ಮುಖ ನೋಡಿಕೊಂಡರು. ಶಂಭುಲಿಂಗಯ್ಯ ಕಂಬಕ್ಕೆ ಕೈ ಕೊಟ್ಟು ನಿಂತಿದ್ದ.  ಕಡೆಗೆ ಹುಡುಗಿಯೇ ಬಂದು ಆಕೆಯ ಎದುರಿಗೆ ನೆಲದ ಮೇಲೆ ಕೂತಳು. ಎರಡು ಜಡೆ, ಕೆಂಪು ಮೂಗು. ನಾಲ್ಕು ತಿಂಗಳಲ್ಲಿ ಕಲಿತ ಅಷ್ಟಿಷ್ಟು ಕನ್ನಡವನ್ನು ಒಂದೊಂದೇ ಹೆಕ್ಕಿ ಜೋಡಿಸಿದಳು.

“ಅಮ್ಮ. ನಾನು ಶಾಂತಿ ಅಲ್ಲ. ನಾನು ಗಿಟಕಮ್ಮ.”

ಹೇಳಿ ಅತ್ತುಬಿಟ್ಟಳು. ಅಳುವ ಹುಡುಗಿಯನ್ನು ನೋಡಿದ ಮೇಲೆ ದ್ರಾಕ್ಷಾಯಣಮ್ಮನಿಗೆ ಇನ್ನೇನು ತಾನೆ ಮಾಡಲು ಸಾಧ್ಯ? ಇವಳಿಗೂ ಒಬ್ಬಳು ತಾಯಿ ಇದ್ದಾಳೆ, ಅಲ್ಲೆಲ್ಲೋ ಕಾಯುತ್ತಿದ್ದಾಳೆ ಎನ್ನುವುದು ಆಗ ಮೊದಲ ಸಲ ಆಕೆಯ ತಲೆಗೆ ಹೋಯಿತು. ಬೀಗದ ಕೈ ಕೊಟ್ಟಳು. “ಬತ್ತೀನಮ್ಮ” ಎಂದು ಹುಡುಗಿ ಕಾರು ಹತ್ತಿದಳು. ಕಾರು ತಿರುವಿನಲ್ಲಿ ಮರೆಯಾದ ಮೇಲೆ ಆಕೆ ನೀಲಿ ಲಂಗವನ್ನು ಮಡಿಸಿ ಮತ್ತೆ ಅಕ್ಕಿ ಡಬ್ಬದ ತಳಕ್ಕೆ ಹಾಕಿದಳು.

ಮೂರು ದಿನ ಆಕೆ ಸರಿಯಾಗಿ ಉಣ್ಣಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಎಂದಿನ ಹಾಗೆ ಗಂಡನಿಗೆ ಬಡಿಸಿ, ಅವನು ಮಲಗಲು ಹೋದ ಮೇಲೆ ತೋಟಕ್ಕೆ ಹೊರಟಳು. ಅರ್ಧ ದಾರಿಯಲ್ಲಿ ತೋಟದ ಆಳು ಚಿಕ್ಕಹನುಮಯ್ಯ ಎದುರಾದ. ನೀರು ಕಟ್ಟಿ ಆಯಿತು, ಬಿಸಿಲಲ್ಲಿ ಯಾಕೆ ಬರುತ್ತೀರಿ ಎಂದ. ಆಕೆ ಹಿಂತಿರುಗಿದಳು. ಭೂತಮ್ಮ ಮನೆಗೆ ಹೋಗಿದ್ದಳು. ಹಿತ್ತಲ ಬಾಗಿಲಿಂದ ಅಡುಗೆಮನೆಗೆ ಕಾಲಿಟ್ಟರೆ, ಮೇಲೆ ಅಟ್ಟದಲ್ಲಿ, ಟಕ್, ಟಕ್.

 ಹುಡುಗಿ ಹೋಗಿ ನಾಲ್ಕು ದಿನವಾಗಿದೆ. ಹಾಗಾದರೆ ಮೇಲಿರುವವರು ಯಾರು?

“ಎದ್ಯೇನೇ...?”

ಈ ಸಲ ದನಿ ತೆಳುವಾಗಿರಲಿಲ್ಲ. ಒಡೆದಿತ್ತು, ಅತ್ತು ಕಟ್ಟಿದ ಗಂಟಲಿನದು. ಆದರೆ ಅದೇ ಎಳೆತ.

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಆಕೆ ಏಣಿ ಹತ್ತಿದಳು. ಏನಾದರೂ ಆಗಲಿ, ಈ ಸಲ ಕಣ್ಣಾರೆ ನೋಡಿಯೇಬಿಡುತ್ತೇನೆ ಎಂದು ಹತ್ತಿದಳು. ಹೊಗೆ ಹಿಡಿದ ಕತ್ತಲಲ್ಲಿ, ರಾಶಿ ಬಿದ್ದ ಕಾಯಿಗಳ ನಡುವೆ, ಶಂಭುಲಿಂಗಯ್ಯ ಕೂತಿದ್ದ. ಒಂದು ಕಾಯಿಯನ್ನು ಎರಡು ಕೈಯಲ್ಲೂ ಹಿಡಿದು ಕಿವಿಗೆ ಒತ್ತಿಕೊಂಡಿದ್ದ. ಹೆಂಡತಿಯ ತಲೆ ಕಂಡಿದ್ದೇ, ಕದ್ದು ಸಿಕ್ಕಿಬಿದ್ದವನ ಹಾಗೆ ಕಾಯಿಯನ್ನು ಕೆಳಗಿಟ್ಟ.

“ನೀವಾ?” ಎಂದಳು.

ಅವನು ತಲೆ ಬಗ್ಗಿಸಿದ.

“ಎಷ್ಟ್ ದಿನದಿಂದ?”

“ಮಣ್ ಮಾಡಿದ ಮಾರನೇ ದಿನದಿಂದ. ನೀನು ತೋಟಕ್ಕೆ ಹೋಯ್ತಿದ್ದಂಗೆ ಹತ್ತಿ ಬತ್ತೀನಿ.”

ಮಧ್ಯಾಹ್ನದ ನಿದ್ದೆ! ಏಳು ವರ್ಷದ ಮಧ್ಯಾಹ್ನದ ನಿದ್ದೆ. ಊರಿಗೆಲ್ಲ ಕಿವಿಯಾಗಿದ್ದವಳಿಗೆ ತನ್ನ ಮನೆಯ ಅಟ್ಟವೇ ಕೇಳಿಸಿರಲಿಲ್ಲ.

“ಆ ಹುಡ್ಗಿಗೆ...”

“ನಾನೇ ಹೇಳ್ಕೊಟ್ಟೆ. ಒಂದಿನ ಕಾಯಿ ನೋಡಾನ ಅಂತ ಅವ್ಳೇ ಹತ್ತಿ ಬಂದ್ಳು. ನಾನು ಅಳ್ತಿದ್ದೆ. ಪಕ್ಕದಾಗೆ ಕೂತ್ಕಂಡ್ಳು. ನಮ್ ಶಾಂತಿ ವಿಷ್ಯ ಎಲ್ಲಾ ಹೇಳ್ದೆ ಕಣೇ. ಬೆಳಿಗ್ಗೆ ನೀನು ಕೊಟ್ಟಿಗೇಲಿರ‍್ತಿದ್ದೆ, ನಾನು ಹೋಗಿ ಕೋಣೆ ಬಾಗ್ಲು ಎರಡ್ ಸಲ ಬಡ್ದು ‘ಎದ್ಯೇನೇ’ ಅಂತಿದ್ದೆ, ಅದ್ನೇ ನಮ್ ಮಗ ಕಾಯಿಗೆ ಕೇಳ್ತಿದ್ದಿದ್ದು, ಅದ್ನೂ ಹೇಳ್ದೆ. ಶಾಂತಿ ಅಂತ ನಾನು ಕರುದ್ರೆ ಓ ಅನ್ನವ್ವಾ ಅಂದೆ. ನಾನು ಕರೀತಿದ್ದೆ, ಅವ್ಳು ಓ ಅಂತಿದ್ಳು. ನೀನೂ ಕರೀತೀಯ ಅಂತ ನಂಗೊತ್ತಿರ‍್ನಿಲ್ಲ.”

ದ್ರಾಕ್ಷಾಯಣಮ್ಮನಿಗೆ ತಡೆಯಲಾರದಷ್ಟು ಸಿಟ್ಟು ಬಂತು. ಅಳುವೂ ಜೊತೆಗೇ ಬಂತು.

“ಏಳು ವರ್ಷ ನನ್ನತ್ರ ಒಂದ್ ಮಾತಾಡ್ನಿಲ್ಲ. ಎಲ್ಲಿಂದಲೋ ಬಂದೋಳ ಹತ್ರ ಎಲ್ಲಾ ಹೇಳ್ಕಂಡ್ರಾ? ನಾನೇನ್ ಮಾಡಿದ್ದೆ ರೀ ನಿಮಗೆ?”

“ಅವ್ಳಿಗೆ ಅರ್ಥ ಆಯ್ತಿರ‍್ನಿಲ್ಲ ಕಣೇ” ಎಂದ ಶಂಭುಲಿಂಗಯ್ಯ. “ಅದ್ಕೇ ಹೇಳಾಕಾಯ್ತು.”

ಕೆಳಗಿಟ್ಟ ಕಾಯಿಯನ್ನೇ ನೋಡುತ್ತಾ ಅವನು ಮುಂದುವರಿಸಿದ.

“ಕಡೇ ದಿನಾನೂ ಬಾಗ್ಲು ಬಡ್ದಿದ್ದೆ. ಎರಡ್ ಸಲ ಬಡ್ದೆ, ಕೇಳ್ದೆ, ಓ ಅನ್ನಲಿಲ್ಲ. ಮಲಗ್ಲಿ ಪಾಪ, ಜ್ವರ ಬುಟ್ಟೈತೆ ಅಂತ ತಿರುಗಿ ಬಂದ್ಬುಟ್ಟೆ. ಒಳಕ್ ಹೋಗ್ನಿಲ್ಲ. ಆಗ್ಲೇ ಒಳಕ್ ಹೋಗಿದ್ರೆ...”

 ಏಳು ವರ್ಷದಿಂದ ಆ ಮನುಷ್ಯ ಆ ಮುಚ್ಚಿದ ಬಾಗಿಲ ಮುಂದೆಯೇ ನಿಂತುಬಿಟ್ಟಿದ್ದಾನೆ ಎಂದು ದ್ರಾಕ್ಷಾಯಣಮ್ಮನಿಗೆ ಗೊತ್ತಾಯಿತು. ಆಕೆ ಮೇಲೆ ಹತ್ತಿ ಬಂದು ಅವನ ಪಕ್ಕದಲ್ಲಿ ಕೂತಳು. ಕೆಳಗಿನ ಒಲೆಯ ಹೊಗೆ ಬಿದಿರಿನ ಸಂದಿಯಿಂದ ಮೇಲೇಳುತ್ತಿತ್ತು, ಇಬ್ಬರ ಕಣ್ಣಲ್ಲೂ ನೀರು. ಆಕೆ ಅವನು ಕೆಳಗಿಟ್ಟ ಕಾಯಿಯನ್ನು ಎತ್ತಿಕೊಂಡು ಎರಡು ಸಲ ಬಡಿದಳು.

“ಎದ್ಯೇನೇ, ಶಾಂತಿ?”

ಯಾರೂ ಓ ಎನ್ನಲಿಲ್ಲ. ಆಕೆ ಕಾಯಿಯನ್ನು ಮೆಲ್ಲಗೆ ಅಲ್ಲಾಡಿಸಿ, ಮೊದಲು ತನ್ನ ಕಿವಿಗೆ ಹಿಡಿದಳು, ಆಮೇಲೆ ಗಂಡನ ಕಿವಿಗೆ ಹಿಡಿದಳು. ಒಳಗೆ ನೀರು ಗುಳುಗುಳು ಎಂದಿತು.

“ಮಲಗವ್ಳೆ ಕಣ್ರೀ” ಎಂದಳು. “ಮಲಗ್ಲಿ ಬುಡಿ.”

ಕಾಯಿಯನ್ನು ಮತ್ತೆ ರಾಶಿಯ ನಡುವೆ, ಉರುಳದ ಹಾಗೆ ಒತ್ತು ಕೊಟ್ಟು ಇಟ್ಟಳು. ಮೊದಲು ತಾನು ಏಣಿ ಇಳಿದು, ಗಂಡ ಇಳಿಯುವ ತನಕ ಕೆಳಗೆ ಅದನ್ನು ಹಿಡಿದುಕೊಂಡು ನಿಂತಳು.