ಮಗಳ ಕಡೆಗೆ ಹರಿಯುವ ನೀರು

ಹೊರಡುವ ದಿನ ಬೆಳಿಗ್ಗೆ ಎಮ್ಮೆ ಹಿಂಡಿದೆ, ಅಂಗಡಿಯ ಕೀಲಿಯನ್ನು ತಮ್ಮನಿಗೆ ಕೊಟ್ಟೆ, ಕೆರೆಯಿಂದ ಎರಡು ಕೊಡ ನೀರು ತಂದು ಮುಚ್ಚಿಟ್ಟೆ. ಹೆಂಡತಿ ಗಂಗವ್ವ ಮೂವತ್ತು ಸಜ್ಜಿ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ, ಹಸಿರು ಸೀರೆ, ಕುಬಸ, ಉಡಿ ತುಂಬುವ ಸಾಮಾನು ಗಂಟು ಕಟ್ಟಿದಳು. ಮಗಳು ಶಾಂತಾಳನ್ನು ಪೋರ್ತುಗೀಸರ ಗೋವೆಯೊಳಗಿನ ಮೆಣಸಿನಕಾಯಿ ವ್ಯಾಪಾರದವರಿಗೆ ಕೊಟ್ಟಿದ್ದೆವು. ಈಗ ಅವಳಿಗೆ ಏಳು ತಿಂಗಳು. ಚೊಚ್ಚಲು ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ, ಉಡಿ ತುಂಬಿ ಕುಬಸ ಮಾಡಬೇಕು, ಆದರೆ ಗೋವೆಯ ಗಡಿ ಮುಚ್ಚಿತ್ತು. ಕಾಡಿನ ದಾರಿಯಲ್ಲಿ ಸೀರೆ ಒಯ್ಯುವವರು ಯಾರಾದರೂ ಸಿಕ್ಕಾರೆಂದು ಹೊರಟೆವು.

ನರಗುಂದದಿಂದ ಧಾರವಾಡಕ್ಕೆ ಮೋಟಾರು, ಅಲ್ಲಿಂದ ರೈಲು, ಲೋಂಡಾದಲ್ಲಿ ಗಾಡಿ ಬದಲಿಸಿ ಖಾನಾಪುರ. ಅಲ್ಲಿ ಮಲಪ್ರಭೆ ಕಂಡಾಗ ಗಂಗವ್ವ, "ನಮ್ಮೂರ ಕಡೆ ಹೊಂಟಾಳ ನೋಡ್ರಿ" ಎಂದು ತಲೆಗೆ ನೀರು ಚಿಮುಕಿಸಿಕೊಂಡಳು.

ಮರುದಿನ ಜಾಂಬೋಟಿಯಿಂದ ಚಕ್ಕಡಿ. ಮಧ್ಯಾಹ್ನವಾದರೂ ಕಾಡಿನೊಳಗೆ ತಂಪು. ಚಕ್ಕಡಿಯ ಯಲ್ಲಪ್ಪ ಹೇಳಿದ: "ಎರಡೂ ಹೊಳಿ ಇದ ಗುಡ್ಡದಾಗ ಹುಟ್ಟತಾವ್ರಿ. ಮಲಪ್ರಭಾ ನಿಮ್ಮ ಕಡೆ, ಮಹದಾಯಿ ಗೋವಾದ ಕಡೆ." ಗಂಗವ್ವ ಗಂಟನ್ನು ತೊಡೆಯ ಮೇಲೆ ಎಳೆದುಕೊಂಡು ಪಡುವಣದ ಕಡೆ ತಿರುಗಿ ಕೂತಳು.

ನಾವು ಇಳಿದುಕೊಂಡದ್ದು ಗಡಿಯಂಚಿನ ಹಳ್ಳಿಯಲ್ಲಿ, ಯಲ್ಲಪ್ಪನ ಗುರುತಿನ ಸಾವಿತ್ರಿಯ ಮನೆಯಲ್ಲಿ. ಅವಳು ಮೊದಲು ಗಡಿಯಾಚೆಯ ಸಂತೆಗೆ ಬಿದಿರ ಬುಟ್ಟಿ ಒಯ್ಯುತ್ತಿದ್ದವಳು. ಗಂಟು ನೋಡಿದ ಕೂಡಲೇ ಕೈ ಹಿಂದಕ್ಕೆ ತೆಗೆದಳು. "ಎರಡೂ ಕಡೆ ಪೋಲೀಸರು ಕುಂತಾರ ಅಕ್ಕಾ. ನಮ್ಮ ಅಕ್ಕನ ಮನಿ ಆ ಗುಡ್ಡದ ಹಿಂದ ಐತಿ. ನಾನ ಆಕಿ ಮಾರಿ ನೋಡಿ ವರ್ಷಾತು."

"ಹಂಗಾರ ಆ ಮಹದಾಯಿ ಹೊಳಿನಾದ್ರೂ ತೋರಸ್ರಿ" ಎಂದಳು ಗಂಗವ್ವ.

ಬೆಳಿಗ್ಗೆ ಯಲ್ಲಪ್ಪನ ಹಿಂದೆ ನಡೆದೆವು. ನಮ್ಮ ಕಣ್ಣಿಗೆ ಹೊಳೆಯೆಂದರೆ ಆಚೆ ದಡದ ಮನುಷ್ಯ ಗುಬ್ಬಿಯಷ್ಟು ಕಾಣಬೇಕು. ಮೈಲಿಯಾದ ಮೇಲೆ ಕೇಳಿದೆ, "ಇನ್ನೂ ಎಷ್ಟು ದೂರೋ?"

"ಆಗಳೇ ದಾಟಿದ್ರಲ್ರೀ ಯಜಮಾನ್ರ. ಕಾಲಾಗಿನ ಜೋಡ ಸುದ್ದಾ ತೊಯ್ಯಲಿಲ್ಲ."

ಒಂದು ಹೆಜ್ಜೆಯ ಹಳ್ಳ. ಹಿಂದಿರುಗಿ ಬಂದು ಕೈಮುಗಿದೆವು. ಗಂಗವ್ವ ಗಂಟು ಬಿಚ್ಚಿ ಅಕ್ಕಿ, ಕೊಬ್ಬರಿ, ಅರಿಷಿಣ ಕೊಂಬು, ಎಲೆ ಅಡಿಕೆಯನ್ನು ನೀರಿನ ಉಡಿಗೆ ಹಾಕಿದಳು. ಅಕ್ಕಿ ಅಲ್ಲೇ ಮುಳುಗಿತು. ವೀಳ್ಯದೆಲೆಯೊಂದು ಕಲ್ಲು ಸುತ್ತಿ, ತಿರುವು ದಾಟಿ ಪಡುವಣಕ್ಕೆ ಹೋಯಿತು. ಸೀರೆಯನ್ನೂ ಬಿಡುತ್ತಾಳೆಂದುಕೊಂಡೆ.

"ಇದನ್ನ ಬಿಡೂದಿಲ್ರಿ. ಕಲ್ಲಿಗೆ ಸಿಕ್ಕು ಹರದೀತು. ಶಾಂತಾ ಬಂದ ದಿನ ನಾನ ಉಡಸ್ತೀನಿ."

"ಕೂಸಿನ್ನ ಎತ್ತಿಕೊಂಡ ಬಂದ್ರ?" ಎಂದೆ.

"ಆಗೂ ಉಡಸ್ತೀನಿ."

ಸಂಜೆ ಸಾವಿತ್ರಿಯ ಪಡಸಾಲೆಯಲ್ಲಿ ಉಳಿದ ಒಣ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ, ಚಟ್ನಿ ಹಚ್ಚಿಕೊಂಡು ಉಂಡೆವು. ಗಂಗವ್ವ ಸೀರೆಯ ಗಂಟನ್ನೇ ತಲೆಗಿಟ್ಟುಕೊಂಡು, ಹೊಳೆಯ ಕಡೆ ಮಾರಿ ಮಾಡಿ ಮಲಗಿದಳು. ಮೊದಲು ನಿದ್ದೆ ಹೋದವಳು ಅವಳೇ.